ಬ್ರಾಯ್ಲರ್ ಮೇವಿಗೆ ಸೋಯಾ: ಹಸಿಯೂ ಇರಬಾರದು, ಸೀಯಲೂಬಾರದು

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಬೆಳೆಯುವವರೇ ಕೋಳಿಯನ್ನೂ ಸಾಕುತ್ತಿದ್ದರೆ, ಕಾಳನ್ನು ಹಸಿಯಾಗಿಯೇ ಒಡೆಸಿ ಮೆಕ್ಕೆಜೋಳದ ಜತೆ ಬೆರೆಸುವ ಆಸೆ ಬರುತ್ತದೆ. ಬೇಡ. ಹಸಿ ಕಾಳಿನ ಟ್ರಿಪ್ಸಿನ್ ಪ್ರತಿಬಂಧಕ, ಪ್ರೋಟೀನ್ ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಮೇದೋಜೀರಕ ಗ್ರಂಥಿ ಮತ್ತಷ್ಟು ಕಿಣ್ವ ಸುರಿಸುತ್ತಾ ದಪ್ಪವಾಗುತ್ತದೆ; ಆ ಕಿಣ್ವವೂ ಪ್ರೋಟೀನೇ, ಅದೂ ಹಿಕ್ಕೆಯ ಪಾಲು. ಜೀರ್ಣವಾಗದ್ದು ಹಿಂಗರುಳಿನಲ್ಲಿ ಕೊಳೆಯುತ್ತದೆ. ಶೆಡ್ಡಿನ ನೆಲದ ಹಾಸು (ಲಿಟರ್) ಒದ್ದೆಯಾಗಿ ಅಮೋನಿಯಾ ಏಳುತ್ತದೆ, ಪಾದಕ್ಕೆ ಹುಣ್ಣಾಗುತ್ತದೆ.

ಸಣ್ಣ ಪ್ರಮಾಣಕ್ಕೆ ಬೇಯಿಸುವುದೇ ಭರವಸೆಯ ದಾರಿ: ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ಬಂದ ಮೇಲೆ 30 ನಿಮಿಷ ಬೇಯಿಸಿ. ತೇವಾಂಶ 12%ಕ್ಕಿಂತ ಕೆಳಗಿಳಿಯುವಷ್ಟು ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಬಾಣಲೆಯಲ್ಲಿ ಹುರಿದರೆ ಹೊರಗೆ ಕರಕಲು, ಒಳಗೆ ಹಸಿ. ಕಾಳನ್ನು ಒತ್ತಡ, ಶಾಖದಲ್ಲಿ ಬೇಯಿಸಿ ಹೊರತಳ್ಳುವ ಎಕ್ಸ್‌ಟ್ರೂಡರ್ ಯಂತ್ರದಲ್ಲಾದರೆ 135–150 ಡಿಗ್ರಿ ಸೆಲ್ಸಿಯಸ್, ಕೆಲವೇ ಸೆಕೆಂಡು.

ಸೀದರೆ ತೊಂದರೆ ಬೇರೆ, ಕಣ್ಣಿಗೂ ಬೀಳುವುದಿಲ್ಲ. ಪ್ರೋಟೀನಿನ ಅಗತ್ಯ ಅಮೈನೋ ಆಮ್ಲವಾದ ಲೈಸಿನ್ ಸಕ್ಕರೆಯ ಜತೆ ಬೆಸೆದುಕೊಂಡು ಕೋಳಿಗೆ ದಕ್ಕದಂತಾಗುತ್ತದೆ, ಆದರೂ ಲ್ಯಾಬ್ ವರದಿಯ ಪ್ರೋಟೀನ್ ಶೇಕಡಾ ಇಳಿಯುವುದಿಲ್ಲ. ಹಾಗಾಗಿ ಸೋಯಾ ಹಿಂಡಿ (ಎಣ್ಣೆ ತೆಗೆದ ಕಾಳಿನ ಪುಡಿ) ಚೀಲದ ಮೇಲಿನ 46% ನೋಡಿ ಸಮಾಧಾನಪಡಬೇಡಿ.

ಹೊಸ ಲಾಟ್ ಬಂದಾಗಲೆಲ್ಲ ಯೂರಿಯೇಸ್ ಪರೀಕ್ಷೆ ಮಾಡಿ. ಯೂರಿಯೇಸ್ ಹಸಿ ಸೋಯಾದಲ್ಲಿರುವ ಕಿಣ್ವ; ಟ್ರಿಪ್ಸಿನ್ ಪ್ರತಿಬಂಧಕದಂತೆ ಅದೂ ಶಾಖಕ್ಕೆ ನಾಶವಾಗುವುದರಿಂದ, ಅದು ಎಷ್ಟು ಉಳಿದಿದೆ ಎಂಬುದೇ ಬೆಂದದ್ದರ ಗುರುತು. 0.14 ಗ್ರಾಂ ಫೀನಾಲ್ ರೆಡ್ ಅನ್ನು 7 ಮಿ.ಲೀ. 0.1 ನಾರ್ಮಲ್ (ಸಾಂದ್ರತೆಯ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ಮತ್ತು 35 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, 300 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದ 21 ಗ್ರಾಂ ಯೂರಿಯಾಕ್ಕೆ ಸೇರಿಸಿ. ಜೇನಿನ ಬಣ್ಣ ಬರುವವರೆಗೆ 0.1 ನಾರ್ಮಲ್ ಗಂಧಕಾಮ್ಲ ಹನಿಸಿ. (ಈ ದ್ರಾವಣವನ್ನು ಲ್ಯಾಬಿನಲ್ಲೇ ಮಾಡಿಸಿಕೊಳ್ಳುವುದು ಒಳಿತು.) ತಟ್ಟೆಯಲ್ಲಿ ಹಿಂಡಿ ಹರಡಿ, ಈ ದ್ರಾವಣದಿಂದ ಪೂರ್ತಿ ನೆನೆಸಿ, 5 ನಿಮಿಷ ಬಿಡಿ. ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ, ಕಾಲು ಭಾಗದವರೆಗೂ, ಬಳಸಬಹುದು. ಅರ್ಧ ತಟ್ಟೆ ಕೆಂಪಾದರೆ ಬೆಂದಿಲ್ಲ, ಮತ್ತೆ ಕಾಯಿಸಿ. ಇನ್ನೂ ಅರ್ಧ ಗಂಟೆ ಬಿಟ್ಟರೂ ಒಂದು ಚುಕ್ಕೆಯೂ ಮೂಡದಿದ್ದರೆ ಅತಿಯಾಗಿ ಕಾದಿರುವ ಅನುಮಾನವಿದೆ. ಎಷ್ಟು ಸೀದಿದೆ ಎಂದು ಈ ಪರೀಕ್ಷೆ ಹೇಳಲಾರದು; ಅದಕ್ಕೆ 0.2% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಪ್ರೋಟೀನ್ ಕರಗುವಿಕೆ ನೋಡಿಸಿ. 78–85% ಒಳ್ಳೆಯದು, 70%ಕ್ಕಿಂತ ಕಡಿಮೆಯಾದರೆ ಸೀದಿದೆ. ಕೆಟ್ಟ ಲೈಸಿನ್ ಮರಳಿ ಬಾರದು. ಅಂಥ ಲಾಟ್‌ನ ಪಾಲು ತಗ್ಗಿಸಿ, ಲೈಸಿನ್ ಪುಡಿ ಲೆಕ್ಕ ಹಾಕಿ ಸೇರಿಸಿ.

ರಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳು ಮಾತ್ರ ಶಾಖಕ್ಕೆ ಜಗ್ಗವು. ಅವನ್ನು ಒಡೆಯುವ ಕಿಣ್ವ ಕೋಳಿಯಲ್ಲಿಲ್ಲ, ಆದ್ದರಿಂದ ಸರಿಯಾಗಿ ಬೆಂದ ಸೋಯಾ ಅತಿಯಾದರೂ ಹಿಕ್ಕೆ ಅಂಟಂಟಾಗುತ್ತದೆ.

ಎಣ್ಣೆ ತೆಗೆಯದ ಬೆಂದ ಕಾಳು 10 ಕಿಲೋ ಹಾಕಿದರೆ ಮೇವಿನ ಮಿಶ್ರಣದಲ್ಲಿ ಸುಮಾರು 8 ಕಿಲೋ ಹಿಂಡಿ, 1.8 ಕಿಲೋ ಎಣ್ಣೆ ಕಡಿಮೆ ಮಾಡಿ. ಒಡೆದ ಕಾಳಿನ ಎಣ್ಣೆ ಬೇಗ ಕಮಟುತ್ತದೆ, ಬೇಕಾದಷ್ಟನ್ನೇ ಒಡೆಸಿ.