ಬೆಂಗೇರಿಯ ಹಳೇ ಓಣಿಯಲ್ಲಿ ಮನೆ ಕೊಂಡ ಬಗೆ

ಹುಬ್ಬಳ್ಳಿಯಲ್ಲಿ ಮೂವತ್ತು ಲಕ್ಷದೊಳಗೆ ಮನೆ ಬೇಕೆಂದರೆ ದಲ್ಲಾಳಿಗಳು ಮೊದಲು ಊರ ಹೊರಗೆ ಕರೆದೊಯ್ಯುತ್ತಾರೆ. ಬೈಪಾಸ್ ದಾಟಿಸಿ, ಹೊಲದ ನಡುವೆ ಕಲ್ಲು ನೆಟ್ಟ ಜಾಗ ತೋರಿಸಿ, “ಐದು ವರ್ಷ ತಡೆಯಿರಿ ಅಕ್ಕಾರೇ, ಇದೇ ಇನ್ನೊಂದು ವಿದ್ಯಾನಗರ ಆಗುತ್ತದೆ” ಎನ್ನುತ್ತಾರೆ. ನಾನು ಪತ್ತಿನ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ನಮ್ಮ ಮನೆಯವರದು ಸಣ್ಣ ಬೈಕ್ ಗ್ಯಾರೇಜ್. ಸಾಲದ ಅರ್ಜಿಗಳೊಂದಿಗೆ ಬರುವ ಆಸ್ತಿ ಕಾಗದಗಳನ್ನು ದಿನವೂ ತಿರುವಿ ಹಾಕುವುದರಿಂದ ನನಗೆ ಒಂದು ವಿಷಯ ಮನದಟ್ಟಾಗಿತ್ತು: ಮನೆ ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಕಾಗದದಲ್ಲಿದೆಯೋ, ನೆಲದಲ್ಲಿದೆಯೋ, ಓಣಿಯ ಅಗಲದಲ್ಲಿದೆಯೋ ಎಂದು ಮೊದಲು ಪತ್ತೆ ಹಚ್ಚಬೇಕು. ಓಣಿ ಇಕ್ಕಟ್ಟಾಗಿದ್ದರೆ ಹೊಂದಿಕೊಂಡು ಬದುಕಬಹುದು. ಕಾಗದ ಕೆಟ್ಟಿದ್ದರೆ ಬದುಕೇ ಕೋರ್ಟು ಕಚೇರಿಯ ಪಾಲಾಗುತ್ತದೆ.

ಊರ ಹೊರಗಿನವು ಬಹುಪಾಲು ಗುಂಟೆ ಪ್ಲಾಟುಗಳು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 1,089 ಚದರ ಅಡಿ. ಜಾಗ ಧಾರಾಳ, ದರವೂ ಕಡಿಮೆ. ಉತಾರ (ಪಹಣಿ) ತೆಗೆಸಿ ನೋಡಿದರೆ ಅದಿನ್ನೂ ಕೃಷಿ ಜಮೀನೇ. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆ ಇಲ್ಲ, ಕೆಲವೆಡೆ ಮಾರಾಟ ನಡೆದಿರುವುದೇ ಬಾಂಡ್ ಕಾಗದದ ಮೇಲೆ. ಇಂಥ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಗದಗ ರಸ್ತೆಯ ಕಡೆಗೆ ನೆಲವೂ ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ತಳಪಾಯಕ್ಕೇ ಕೈಯಲ್ಲಿರುವ ಹಣ ಕರಗುತ್ತದೆ. ಹೊಸ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಬಿರುಕು ಹೋಗಿದ್ದರೆ ಸುಣ್ಣ ಬಣ್ಣಕ್ಕೆ ಮರುಳಾಗದೆ ತಳಪಾಯ ಎಷ್ಟು ಆಳಕ್ಕೆ ಹೋಗಿದೆ ಎಂದು ಕೇಳಬೇಕು.

ಉಣಕಲ್ಲಿನಲ್ಲಿ ಒಂದು ಮನೆ ಮನಸ್ಸಿಗೆ ಬಂದಿತ್ತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ದರವೂ ನಮ್ಮ ಕೈಗೆಟುಕುವಂತಿತ್ತು. ಆದರೆ ಮನೆ ಚಂದ್ರಮೌಳೇಶ್ವರ ದೇವಸ್ಥಾನಕ್ಕೆ ಅಂಟಿಕೊಂಡಂತಿತ್ತು. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರಿನಲ್ಲೂ ಅನುಮತಿ ಪಡೆದೇ ಕಟ್ಟಬೇಕು. ಚಾಲುಕ್ಯರ ಕಾಲದ ಅಂಥ ಗುಡಿಗೆ ಆ ರಕ್ಷಣೆ ಇರಲೇಬೇಕು ಎನ್ನುವವಳು ನಾನು. ನಾಳೆ ಮಗನಿಗೆ ಮೇಲೊಂದು ಕೋಣೆ ಬೇಕಾಗಬಹುದು ಎಂಬ ಕಾರಣಕ್ಕೆ ಅದನ್ನು ಬಿಟ್ಟೆವು.

ಕೊನೆಗೆ ಕೊಂಡದ್ದು ಬೆಂಗೇರಿಯಲ್ಲಿ. ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದಿಂದ ದೇಶಕ್ಕೆಲ್ಲ ಹೆಸರು ಗೊತ್ತಿರುವ ಬೆಂಗೇರಿ ಒಂದು ಕಾಲಕ್ಕೆ ಬೇರೆಯೇ ಹಳ್ಳಿ. ಈಗ ಪಟ್ಟಣದ ಹೊಟ್ಟೆಯೊಳಗಿದೆ. ಮುಖ್ಯ ರಸ್ತೆಯ ಮೇಲೆ ಮೂರು ಅಂತಸ್ತಿನ ಕಟ್ಟಡಗಳೆದ್ದಿವೆ, ಕೆಳಗೆ ಮಳಿಗೆ, ಮೇಲೆ ಬಾಡಿಗೆ ಮನೆ. ಒಳಗಿನ ಓಣಿಗಳಲ್ಲಿ ಮಾತ್ರ ಮಣ್ಣಿನ ಗೋಡೆ, ತೊಲೆ ಜಂತಿಯ ಮಾಳಿಗೆ, ಬಾಗಿಲ ಎರಡೂ ಬದಿಗೆ ಕಟ್ಟೆ ಇರುವ ಮನೆಗಳು ಉಳಿದಿವೆ. ಅವುಗಳಲ್ಲಿ ನಮ್ಮದೊಂದು: 20 ಅಡಿ ಅಗಲ, 45 ಅಡಿ ಉದ್ದ. ಓಣಿಗೆ ಕಾರು ಬರುವುದಿಲ್ಲ, ಎಡಗಡೆಯ ಗೋಡೆ ಪಕ್ಕದವರೊಂದಿಗೆ ಸಾಮಾಯಿಕ. ಅಗ್ಗಕ್ಕೆ ಈ ಎರಡು ಕಾರಣಗಳು ಕಣ್ಣಿಗೆ ಕಂಡವು. ಮೂರನೆಯದು ಸಿಟಿ ಸರ್ವೆ ಕಚೇರಿಯಲ್ಲಿ ಸಿಕ್ಕಿತು.

ಮಾಲೀಕರ ಹೆಸರಿರುವ ಅಲ್ಲಿನ ಪ್ರಾಪರ್ಟಿ ಕಾರ್ಡಿನಲ್ಲಿ ಇನ್ನೂ ಮಾರುವವರ ತೀರಿಹೋದ ತಂದೆಯ ಹೆಸರೇ ಇತ್ತು. ಪಾಲಿಕೆಗೆ ತೆರಿಗೆ ಕಟ್ಟುತ್ತಿದ್ದವರು ಇಬ್ಬರು ಗಂಡುಮಕ್ಕಳು. ಮನೆ ತೋರಿಸಿ ದರ ಹೇಳಿದವರೂ ಅವರೇ. “ಅಕ್ಕ ತಂಗಿಯರಿದ್ದಾರೆಯೇ ಕಾಕಾ?” ಎಂದು ಅವರಲ್ಲೊಬ್ಬರನ್ನು ಕೇಳಿದೆ. “ಇಬ್ಬರಿದ್ದಾರೆ. ಮದುವೆಯಲ್ಲೇ ಬಂಗಾರ ಹಾಕಿ ಕಳಿಸಿದ್ದೇವೆ. ತಕರಾರು ಮಾಡುವವರಲ್ಲ” ಎಂದರು.

ಈ ಮಾತನ್ನು ನಂಬಿ ಸಂಚಕಾರ (ಮುಂಗಡ ಹಣ) ಕೊಟ್ಟವರ ಗೋಳನ್ನು ನಾನು ಕೆಲಸದ ಜಾಗದಲ್ಲಿ ಸಾಕಷ್ಟು ಕಂಡಿದ್ದೇನೆ. ಹಿಂದೂ ಕುಟುಂಬದ ತಂದೆ ಸ್ವಂತ ದುಡಿಮೆಯ ಮನೆಗೆ ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆಯೇ ಹೆಣ್ಣುಮಕ್ಕಳಿಗೆ ಸಮಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ತಂದೆ 2005ರಲ್ಲಿ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮದುವೆಯ ಬಂಗಾರಕ್ಕೂ ಈ ಪಾಲಿಗೂ ಸಂಬಂಧವಿಲ್ಲ.

ನಮ್ಮ ಕಡೆ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದಾರೆ: ಹೆಣ್ಣುಮಕ್ಕಳನ್ನು ಕರೆಸಿ, ಸೀರೆ ಉಡಿಸಿ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸುವುದು. ಕಾನೂನಿಗೆ ಅದು ನಡೆಯುತ್ತದೆ, ನನ್ನ ಮನಸ್ಸಿಗೆ ನಡೆಯಲಿಲ್ಲ. ಸಹೋದರಿಯರು ಖರೀದಿ ಪತ್ರದಲ್ಲಿ ಮಾರುವವರಾಗಿಯೇ ಬರಬೇಕು, ಅವರವರ ಪಾಲು ಅವರವರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗಬೇಕು ಎಂದು ಪಟ್ಟು ಹಿಡಿದೆ. ಕಾಕಾ ಕೆಲವು ವಾರ ಮಾತು ಬಿಟ್ಟರು. ಬೇರೆ ಗಿರಾಕಿಗಳೂ ಬಂದರು. ಅವರ ವಕೀಲರೂ ಅದನ್ನೇ ಕೇಳಿದಾಗ ಕಾಕಾ ತಾವೇ ನಮ್ಮನ್ನು ನವಲಗುಂದಕ್ಕೆ, ಅಕ್ಕನ ಮನೆಗೆ ಕರೆದುಕೊಂಡು ಹೋದರು. ಆ ತಾಯಿ ಚಹಾ ಕೊಟ್ಟು ಎದುರಿಗೆ ಕುಳಿತು, “ಅಪ್ಪನ ಮನೆ ಮಾರುವ ಸುದ್ದಿಯನ್ನು ಕೊಳ್ಳುವವರ ಬಾಯಿಂದ ಕೇಳುವಂತಾಯಿತಲ್ಲ, ತಂಗಿ” ಎಂದರು. ಕಾಕಾ ತಲೆ ಎತ್ತಲಿಲ್ಲ. ಕಾಗದಗಳನ್ನು ಒಂದೊಂದಾಗಿ ತೋರಿಸಿ ಅವರ ಪಾಲಿಗೆ ಎಷ್ಟು ಬರುತ್ತದೆ ಎಂದು ಲೆಕ್ಕ ಹೇಳಿದೆ. ಅವರು ಒಪ್ಪಿದ ಮೇಲೆಯೇ ಸಂಚಕಾರ ಕೊಟ್ಟದ್ದು. ನಾಲ್ವರೂ ವಾರಸುದಾರರೆಂದು ದಾಖಲೆಯಲ್ಲಿ ವಾರಸಾ ಆಗಿ, ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆಯಾದ ಇ-ಖಾತೆ ಕೈಗೆ ಬರುವವರೆಗೆ ಕಾಯ್ದೆವು. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ.

ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣ ಪತ್ರದ ಬಗ್ಗೆ ಒಂದು ಮಾತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ತೆಗೆಯಬಹುದಾದದ್ದು 2004ರಿಂದ ಈಚಿನದು ಮಾತ್ರ. ಹಳೇ ಮನೆಗೆ ಅಷ್ಟು ಸಾಲದು. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಿ, ಹಳೇ ಸಾಲದ ಬೋಜಾ ಏನಾದರೂ ಉಳಿದಿದೆಯೇ ಎಂದು ನೋಡಿಕೊಂಡೆವು.

ಸಂಚಕಾರಕ್ಕೆ ಮೊದಲೇ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ ನೆಲ ನೋಡಿಸಿದ್ದೆವು. ನಡುಮನೆಯಲ್ಲಿ ಅವರು ಹಾರೆಯ ಹಿಂಬದಿಯಿಂದ ಗಜಗಜಕ್ಕೂ ಬಡಿಯುತ್ತ ಬಂದರು. ಒಂದು ಕಡೆ ಸದ್ದು ಬದಲಾಯಿತು. ಅಲ್ಲಿನ ಪರಸಿ ಕಲ್ಲು ಎಬ್ಬಿಸಿದಾಗ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೊಟ್ಟೆ ಅಗಲವಾದ ಹಗೇವು. ಹಿಂದೆ ಜೋಳ ತುಂಬಿಡುತ್ತಿದ್ದದ್ದು. ಅಂಚಿನಲ್ಲಿ ಕಪ್ಪಾದ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಹಳ್ಳಿಯ ಮೂಲ ಓಣಿಗಳಲ್ಲಿ ಮನೆ ಕೊಳ್ಳುವವರು ಇದನ್ನು ಪರೀಕ್ಷಿಸಲೇಬೇಕು. ಅದರ ಮೇಲೆ ಕಂಬ ನಿಂತರೆ ನೆಲ ಕುಸಿಯುತ್ತದೆ. ಗರಸು ಹಾಕಿ, ನೀರು ಬಿಟ್ಟು, ಪದರ ಪದರವಾಗಿ ಧಮ್ಮಸ್ಸು ಮಾಡಿ ತುಂಬುವ ಖರ್ಚನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಮನೆಯ ದರ 26 ಲಕ್ಷಕ್ಕೆ ಇಳಿಯಿತು.

ಹಣದ ವಿಷಯದಲ್ಲಿ ಜನ ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯದಿರುವುದು ನೋಂದಣಿಯ ಖರ್ಚು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಕರಗಳು ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ನಮ್ಮ ಖರೀದಿ ಅದರ ನಂತರದ್ದಾದ್ದರಿಂದ 26 ಲಕ್ಷಕ್ಕೆ 1,97,600 ರೂಪಾಯಿ ಕಟ್ಟಿದೆವು. ಹೊಸ ಅಪಾರ್ಟ್‌ಮೆಂಟಿನ ಮೊದಲ ನೋಂದಣಿಗೆ 45 ಲಕ್ಷದವರೆಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ; ಹಳೇ ಮನೆ ಕೊಳ್ಳುವ ಬಡವರಿಗೂ ಅದು ಸಿಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮೂವತ್ತು ಲಕ್ಷದವರೆಗಿನ ಸಾಲವನ್ನು ಮನೆಯ ಮೌಲ್ಯದ ಶೇ 90ರವರೆಗೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದ್ದರೂ, ಮಣ್ಣಿನ ಗೋಡೆ ನೋಡಿದ ಮೌಲ್ಯಮಾಪಕರು ಬರೀ ಜಾಗಕ್ಕಷ್ಟೇ ಬೆಲೆ ಕಟ್ಟಿದರು. ಸಿಕ್ಕ ಸಾಲ 17 ಲಕ್ಷ. ಉಳಿದದ್ದಕ್ಕೆ ಉಳಿತಾಯ ಒಡೆದು, ಬಂಗಾರ ಮಾರಿದೆವು.

ನೀರಿನ ವಿಷಯವನ್ನು ಮಾರುವವರಲ್ಲಿ ಕೇಳಬಾರದು, ಓಣಿಯ ಹೆಣ್ಣುಮಕ್ಕಳಲ್ಲಿ ಕೇಳಬೇಕು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು, ಬೇಸಿಗೆಯಲ್ಲಿ ಹೇಗೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಎದುರು ಮನೆಯ ಅವ್ವ ನೀರಿನ ಜೊತೆಗೆ ಗಟಾರು ಮಳೆಗಾಲದಲ್ಲಿ ಎಲ್ಲಿ ಕಟ್ಟುತ್ತದೆ ಎಂಬುದನ್ನೂ ನಿಂತು ತೋರಿಸಿದರು.

ಈಗ ಓಣಿಯ ಕೊನೆಯ ಎರಡು ಮನೆಗಳನ್ನು ಕಟ್ಟಡದವರು ಕೇಳಿ ಹೋಗಿದ್ದಾರೆ. ನಾವು ಮಾರಲು ಕೊಂಡವರಲ್ಲ. ಸಾಮಾಯಿಕ ಗೋಡೆಯನ್ನು ಮುಟ್ಟದೆ, ಒಳಗೆ ನಮ್ಮದೇ ಕಂಬ ಎಬ್ಬಿಸಿಕೊಳ್ಳುವುದೆಂದು ಪಕ್ಕದ ಮನೆಯವರೊಂದಿಗೆ ಕಾಗದದ ಮೇಲೆ ಒಪ್ಪಂದ ಮಾಡಿಕೊಂಡಿದ್ದೇವೆ. ಬೇಸಿಗೆಗೆ ಮೊದಲು ಸಂಪು ಕಟ್ಟಿಸಬೇಕು, ಮಾಳಿಗೆಯ ಕೆಲಸ ಅದಾದ ಮೇಲೆ.