ಕ್ರೂಸ್‌ಗೆ ಹೋಗೋದಾ, ಥೀಮ್ ಪಾರ್ಕ್‌ಗಾ? ಮೊದಲು ಅಳತೆ ಟೇಪ್ ಹುಡುಕಿ

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಧಾರವಾಡದ ಮನೆಯಲ್ಲಿ ಇದೇ ಮಾತು. ಮಗನಿಗೆ ಥೀಮ್ ಪಾರ್ಕ್ ಬೇಕು, ನಮ್ಮ ಮನೆಯವರಿಗೆ ಹಡಗು ಬೇಕು, ಅತ್ತೆಯವರಿಗೆ ಎಲ್ಲರೂ ಜೊತೆಗಿದ್ದರೆ ಸಾಕು. ಎರಡಕ್ಕೂ ನಾವು ಹೋಗಿ ಬಂದಿದ್ದೇವೆ. ಮೊದಲನೇ ಸಲ ಯೋಚನೆ ಮಾಡದೆ ಹೋಗಿ ತಪ್ಪು ಮಾಡಿದೆವು, ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಈಗ ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ನಮ್ಮ ನೆಂಟರು ಫೋನ್ ಮಾಡಿ ಯಾವುದು ಚೊಲೋ ಅಂತ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ, ಆದರೆ ಹೇಗೆ ಯೋಚಿಸಬೇಕು ಅಂತ ಹೇಳಬಲ್ಲೆ.

ಬಹಳ ಜನ ದುಡ್ಡಿನ ಲೆಕ್ಕದಿಂದ ಶುರು ಮಾಡುತ್ತಾರೆ. ದುಡ್ಡು ಆಮೇಲೆ. ಮೊದಲು ಎರಡು ಅಳತೆ ತಗೊಳ್ಳಿ: ಮನೆಯ ಸಣ್ಣ ಮಗುವಿನ ಎತ್ತರ ಎಷ್ಟು, ಮನೆಯ ಹಿರಿಯರು ಒಂದು ದಿನಕ್ಕೆ ಎಷ್ಟು ನಡೆಯಬಲ್ಲರು. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಎತ್ತರ ಅಳೆಯೋದು ಹೀಗೆ. ಮಗುವನ್ನು ಬರಿಗಾಲಲ್ಲಿ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ. ಜುಟ್ಟು ಇದ್ದರೆ ಬಿಚ್ಚಿ. ತಲೆಯ ಮೇಲೆ ನೋಟ್‌ಬುಕ್ ಅಡ್ಡ ಹಿಡಿದು ಪೆನ್ಸಿಲ್‌ನಿಂದ ಗೆರೆ ಎಳೆಯಿರಿ, ಆಮೇಲೆ ನೆಲದಿಂದ ಟೇಪ್ ಹಿಡಿದು ಸೆಂಟಿಮೀಟರ್‌ನಲ್ಲಿ ಬರೆದುಕೊಳ್ಳಿ. ದೊಡ್ಡ ಪಾರ್ಕ್‌ಗಳಲ್ಲಿ ಯಾವ ರೈಡ್‌ಗೆ ಯಾರನ್ನು ಬಿಡಬೇಕು ಅಂತ ನೋಡೋದು ವಯಸ್ಸಿಗಿಂತ ಜಾಸ್ತಿ ಎತ್ತರವನ್ನೇ. ಸೀಟಿನ ಮೇಲಿಂದ ಇಳಿಯುವ ಕಬ್ಬಿಣದ ಬಾರ್ ಭುಜದ ಮೇಲೆ ಸರಿಯಾಗಿ ಕೂರಬೇಕು, ಸಣ್ಣ ಮೈಯಾದರೆ ಅದರ ಕೆಳಗಿಂದ ಜಾರುವ ಅಪಾಯ ಇರುತ್ತದೆ. ಹಾಗಾಗಿ ಎಷ್ಟೇ ಬೇಡಿಕೊಂಡರೂ ಅವರು ಬಿಡಲ್ಲ, ಬಿಡಲೂಬಾರದು. ಜೋರಾದ ರೈಡ್‌ಗಳಲ್ಲಿ ಹಲವಕ್ಕೆ 140 ಸೆಂಟಿಮೀಟರ್ ಬೇಕು. ನೀವು ಹೋಗುವ ಪಾರ್ಕಿನ ವೆಬ್‌ಸೈಟಿನಲ್ಲಿ ಪ್ರತಿ ರೈಡ್‌ಗೂ ಬೇರೆ ಬೇರೆ ಕೊಟ್ಟಿರುತ್ತಾರೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಮೂರು ವರ್ಷದ ಹಿಂದೆ ನಾವು ಒಂದು ಪಾರ್ಕ್‌ಗೆ ಹೋದಾಗ ಮಗಳಿಗೆ 8 ವರ್ಷ. ರೈಡ್ ಬಾಗಿಲಲ್ಲಿ ಅಳತೆಯ ಕಂಬ ಇತ್ತು, ಅವಳು ಅದರ ಕೆಳಗೆ ತುದಿಗಾಲಲ್ಲಿ ನಿಂತಳು. ಅಲ್ಲಿದ್ದ ಹುಡುಗ ಬಗ್ಗಿ, ಹಿಮ್ಮಡಿ ನೆಲಕ್ಕಿಡು ಪುಟ್ಟಿ ಅಂದ. ಇಟ್ಟಳು. ಕಂಬದ ಗೆರೆ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಅಲ್ಲಿ ಅಳಲಿಲ್ಲ. ರಾತ್ರಿ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮುಸುಕು ಹಾಕಿಕೊಂಡು ಅತ್ತಳು. ಅಣ್ಣ ಮತ್ತು ಅಪ್ಪ ಇಡೀ ದಿನ ಒಂದು ಕಡೆ, ನಾನು ಮತ್ತು ಅವಳು ಚಿಕ್ಕ ಮಕ್ಕಳ ರೈಡ್ ಕಡೆ. ಇನ್ನು ಅತ್ತೆಯವರು ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಒಂದೇ ಬೆಂಚಿನ ಮೇಲೆ, ನಾಲ್ಕು ಬ್ಯಾಗು, ಹಸಿ ಟವೆಲ್ಲು ಕಾಯುತ್ತಾ ಕೂತಿದ್ದರು. ನಾನು ಹೋದಾಗಲೆಲ್ಲ "ನೀ ಹೋಗವಾ, ನನಗ ಇಲ್ಲೇ ಆರಾಮ ಅದ" ಅಂದರು. ಆರಾಮ ಇರಲಿಲ್ಲ ಅಂತ ನನಗೆ ಗೊತ್ತಿತ್ತು. ಐದು ಜನ ಒಟ್ಟಿಗೆ ಹೋಗಿ ಮೂರು ತುಂಡಾಗಿ ದಿನ ಕಳೆದೆವು. ಪಾರ್ಕಿನದೇನೂ ತಪ್ಪಿಲ್ಲ. ಯಾರನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನಾವೇ ಯೋಚಿಸಿರಲಿಲ್ಲ.

ಹಿರಿಯರ ಕಾಲಿನ ಲೆಕ್ಕ ತಗೊಳ್ಳೋಕೆ ನನ್ನ ಹತ್ತಿರ ಒಂದು ಸುಲಭ ದಾರಿ ಇದೆ. ಒಂದು ಭಾನುವಾರ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ಗೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಹುಬ್ಬಳ್ಳಿಯಿಂದಲೂ ಹಾವೇರಿಯಿಂದಲೂ ಹೆದ್ದಾರಿಯಲ್ಲೇ ಇದೆ, ದೂರವೇನಿಲ್ಲ. ಹಳ್ಳಿ ಬದುಕಿನ ಆ ಶಿಲ್ಪಗಳನ್ನು ಅಜ್ಜ ಅಜ್ಜಿ ಖುಷಿಯಿಂದ ನೋಡುತ್ತಾರೆ, ಆ ಕತೆ ಬೇರೆ. ನೀವು ಗಮನಿಸಬೇಕಾದ್ದು, ಎಷ್ಟು ಹೊತ್ತಿಗೆ ಅವರು ಕೂರೋಕೆ ಜಾಗ ಹುಡುಕುತ್ತಾರೆ ಅನ್ನೋದು. ಎರಡು ತಾಸಿಗೇ ಸಾಕಾದರೆ, ದೊಡ್ಡ ಪಾರ್ಕಿನಲ್ಲಿ ಎಂಟು ತಾಸು ಅವರಿಗೆ ಶಿಕ್ಷೆ. ಬಿಪಿ, ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆ ನೋವು ಇದ್ದವರನ್ನು, ಬಸುರಿಯರನ್ನು ಜೋರಾದ ರೈಡ್‌ಗೆ ಹತ್ತಿಸೋದಿಲ್ಲ. ಅವರಿಗೆ ಅಲ್ಲಿ ನೋಡೋ ಕೆಲಸ ಮಾತ್ರ.

ಹಡಗಿಗೂ ಪರೀಕ್ಷೆ ಇದೆ. ಅಂಕೋಲಾಕ್ಕೋ ಗೋಕರ್ಣಕ್ಕೋ ಹೋಗುವಾಗ ಅರಬೈಲ್ ಘಟ್ಟದಲ್ಲಿ ನಿಮ್ಮ ಮನೆಯಲ್ಲಿ ಯಾರು ಯಾರು ವಾಂತಿ ಮಾಡುತ್ತಾರೆ, ನೆನಪು ಮಾಡಿಕೊಳ್ಳಿ. ಸಮುದ್ರದಲ್ಲೂ ಅವರಿಗೇ ಮೊದಲು ತಲೆ ಸುತ್ತುತ್ತದೆ. ಕಿವಿಯೊಳಗಿನ ಸಮತೋಲನದ ಭಾಗ ಮೈ ಅಲುಗಾಡ್ತಿದೆ ಅನ್ನುತ್ತೆ, ಕಣ್ಣಿಗೆ ಮಾತ್ರ ಕೋಣೆಯ ಗೋಡೆ ಅಲುಗಾಡದೆ ನಿಂತಿರೋದೇ ಕಾಣುತ್ತೆ. ಈ ಗೊಂದಲದಿಂದಲೇ ವಾಕರಿಕೆ ಬರೋದು. ತೆರೆದ ಡೆಕ್ ಮೇಲೆ (ಹಡಗಿನ ಮಹಡಿಗೆ ಡೆಕ್ ಅನ್ನುತ್ತಾರೆ) ಬಂದು, ಸಮುದ್ರ ಆಕಾಶ ಸೇರುವ ದೂರದ ಅಂಚನ್ನೇ ನೋಡುತ್ತಾ ನಿಂತರೆ ಬಹಳ ಜನರಿಗೆ ಕಡಿಮೆ ಆಗುತ್ತೆ. ಕ್ಯಾಬಿನ್ ಆರಿಸುವಾಗ ಕೆಳಗಿನ ಡೆಕ್‌ನಲ್ಲಿ ಹಡಗಿನ ನಡುಭಾಗದ್ದು ಕೇಳಿ. ನಮ್ಮ ವಾಯವ್ಯ ಸಾರಿಗೆ ಬಸ್ಸಿನ ಕೊನೇ ಸೀಟು ಎಷ್ಟು ಎತ್ತಿ ಹಾಕುತ್ತೆ, ನಡುವಿನ ಸೀಟು ಎಷ್ಟು ಮೆತ್ತಗಿರುತ್ತೆ, ಹಡಗಿನಲ್ಲೂ ಲೆಕ್ಕ ಅದೇ. ಮಾತ್ರೆ ಬೇಕಾದರೆ ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ, ವಾಂತಿ ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಉಪಯೋಗ ಇಲ್ಲ. ಇದರಲ್ಲೂ ಸಣ್ಣ ಪ್ರಯೋಗ ಮಾಡಬಹುದು: ಗೋವಾಕ್ಕೆ ಹೋದಾಗ ಪಣಜಿಯಲ್ಲಿ ಮಾಂಡವಿ ನದಿಯ ಸಂಜೆ ದೋಣಿ ಹತ್ತಿ. ನದಿ ಸಮುದ್ರದಷ್ಟು ಅಲುಗಾಡಲ್ಲ ನಿಜ, ಆದರೆ ನೀರಿನ ಮೇಲೆ ಇರೋದು ಯಾರಿಗೆ ಇಷ್ಟ, ಯಾರಿಗೆ ಭಯ ಅಂತ ಗೊತ್ತಾಗುತ್ತೆ.

ಯಾವ ತಿಂಗಳು ಅನ್ನೋದೂ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಒರಟು, ಆಗ ಮುಂಬೈ ಕಡೆಯ ಕ್ರೂಸ್ ಯೋಚನೆ ಬಿಟ್ಟುಬಿಡಿ. 2021ರಲ್ಲಿ ಮುಂಬೈನಿಂದ ಶುರುವಾದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಕೂಡ ಮಳೆಗಾಲದಲ್ಲಿ ಚೆನ್ನೈ ಕಡೆಯಿಂದ ಓಡಿದ್ದುಂಟು. ನಮ್ಮ ಕಡೆಯವರಿಗೆ ಸರಿಹೋಗೋದು ದಸರಾ ರಜೆ ಅಥವಾ ಡಿಸೆಂಬರ್, ಜನವರಿ. ಥೀಮ್ ಪಾರ್ಕಿಗೆ ಮಳೆಯ ತೊಂದರೆ ಅಷ್ಟಿಲ್ಲ, ಜನದ ತೊಂದರೆ ಇದೆ. ಏಪ್ರಿಲ್, ಮೇನಲ್ಲಿ ಒಂದೊಂದು ರೈಡಿಗೂ ಬಿಸಿಲಲ್ಲಿ ಪಾಳಿ ನಿಲ್ಲಬೇಕು. ಆಗುವುದಾದರೆ ಮಂಗಳವಾರ, ಬುಧವಾರ ಹೋಗಿ, ಬಾಗಿಲು ತೆಗೆಯೋ ಹೊತ್ತಿಗೇ ಅಲ್ಲಿರಿ, ದೊಡ್ಡ ರೈಡ್‌ಗಳನ್ನು ಮಧ್ಯಾಹ್ನದ ಊಟದೊಳಗೆ ಮುಗಿಸಿ, ನೀರಿನ ಆಟ ಆಮೇಲೆ.

ಹೋಗಿ ಬರುವ ದಾರಿ

ಪಾರ್ಕ್ ಅಂದರೆ ನಮಗೆ ಸುಲಭ ಬಿಡದಿಯ ವಂಡರ್‌ಲಾ. 2005ರಿಂದ ಇದೆ, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್, ಪಕ್ಕದಲ್ಲೇ ಅವರದೇ ರೆಸಾರ್ಟ್ ಕೂಡ ಇದೆ. ಧಾರವಾಡ, ಹುಬ್ಬಳ್ಳಿ, ಹಾವೇರಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಅದೇ ದಿನ ಪಾರ್ಕ್‌ಗೆ ಹೋಗಬೇಡಿ ಅನ್ನೋದು ನನ್ನ ಮಾತು. ನಿದ್ದೆಗೆಟ್ಟ ಮಕ್ಕಳು ಮಧ್ಯಾಹ್ನಕ್ಕೇ ಸುಸ್ತಾಗುತ್ತಾರೆ. ಒಂದು ರಾತ್ರಿ ಉಳಿದು ಮರುದಿನ ಹೋಗಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೋ ಹಿಡಿದರೆ ಚಲ್ಲಘಟ್ಟದವರೆಗೆ ಟ್ರಾಫಿಕ್ ಕಾಟ ಇಲ್ಲ, ಅಲ್ಲಿಂದ ಬಿಡದಿ ಹತ್ತಿರ. ಪುಣೆ, ಮುಂಬೈ ಕಡೆ ನೆಂಟರಿದ್ದರೆ ಖೋಪೋಲಿಯ ಇಮ್ಯಾಜಿಕಾ ಕೂಡ ಲೆಕ್ಕಕ್ಕೆ ತಗೊಳ್ಳಿ.

ಹಡಗಿಗೆ ಮುಂಬೈಗೇ ಹೋಗಬೇಕು. ಹುಬ್ಬಳ್ಳಿಯಿಂದ ದಾದರ್‌ಗೆ ರೈಲಿದೆ, ಗದಗಿನವರಿಗೆ ಸೊಲ್ಲಾಪುರದ ಮೇಲೆ ಹೋಗುವ ಮುಂಬೈ ರೈಲಿದೆ. ಒಂದು ದಿನ ಮೊದಲೇ ಮುಂಬೈ ಮುಟ್ಟಿರಿ. ರೈಲು ತಡವಾದರೆ ಹಡಗು ನಿಮಗಾಗಿ ಕಾಯಲ್ಲ, ಹೊರಡೋಕೆ ಬಹಳ ಮೊದಲೇ ಚೆಕ್-ಇನ್ ಮುಚ್ಚಿಬಿಡುತ್ತಾರೆ. ಹಡಗು ಹತ್ತುವುದು ಬಲ್ಲಾರ್ಡ್ ಪಿಯರ್‌ನಲ್ಲಿ, ಸಿಎಸ್‌ಎಂಟಿ ಸ್ಟೇಷನ್‌ಗೆ ಹತ್ತಿರ. ಕೆಲವು ಸಲ ಗೋವಾದ ಮುರ್ಮುಗಾವ್ ಬಂದರಿನಲ್ಲಿ ಹತ್ತುವ ಟಿಕೆಟ್ಟೂ ಸಿಗುತ್ತೆ. ಸಿಕ್ಕರೆ ನಮ್ಮವರಿಗೆ ಅದೇ ಒಳ್ಳೆಯದು, ಬಂದರು ವಾಸ್ಕೋ ಪಕ್ಕದಲ್ಲೇ ಇದೆ, ಗದಗ, ಹುಬ್ಬಳ್ಳಿ, ಧಾರವಾಡದ ಮೇಲೆ ವಾಸ್ಕೋಗೆ ರೈಲು ಹೋಗುತ್ತೆ, ದಾರಿಯಲ್ಲಿ ದೂಧಸಾಗರವೂ ಸಿಗುತ್ತೆ. ರೈಲಿನ ಮುಂಗಡ ಬುಕಿಂಗ್ ತೆರೆಯೋದು ಈಗ 60 ದಿನ ಮೊದಲು ಮಾತ್ರ. ಹಡಗಿನ ಟಿಕೆಟ್ ಅದಕ್ಕಿಂತ ಮೊದಲೇ ತಗೊಂಡಿರುತ್ತೀರಿ, ಹಾಗಾಗಿ ಆ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬೆಳಿಗ್ಗೆ 8ಕ್ಕೇ ಮೊಬೈಲ್ ಹಿಡಿದು ಕೂರಿ.

ಈಗ ದುಡ್ಡಿನ ಮಾತು

ಕ್ರೂಸ್ ಜಾಹೀರಾತಿನಲ್ಲಿ ಇರುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಬರುತ್ತೆ. ನಮಗೆ ಬುಕಿಂಗ್ ಮಾಡಿಕೊಟ್ಟ ಏಜೆಂಟ್ ಇದ್ಯಾವುದನ್ನೂ ಮೊದಲು ಹೇಳಲಿಲ್ಲ, ಮುಂಗಡ ಕಟ್ಟಿದ ಮೇಲೆ ಒಂದೊಂದೇ ಹೊರಬಂತು. ಅವತ್ತು ನನಗೆ ಬಹಳ ಬೇಜಾರಾಯಿತು, ಯಾಕೆಂದರೆ ಆ ದುಡ್ಡು ಮಗನ ಟ್ಯೂಷನ್‌ಗೆ ಇಟ್ಟಿದ್ದು. ಹಾಗಾಗಿ ಮುಂಗಡ ಕೊಡುವ ಮೊದಲೇ ಕೇಳಿ: "ಐದು ಮಂದಿಗೆ ಎಲ್ಲಾ ಸೇರಿ, ಒಂದು ರೂಪಾಯಿ ಮೇಲೆ ಬರದಂಗ ಎಷ್ಟಾಗ್ತದ್ರೀ?" ಉತ್ತರವನ್ನು ವಾಟ್ಸ್ಆಪ್‌ನಲ್ಲಿ ಬರೆಸಿಕೊಳ್ಳಿ. ಅದೇ ಕ್ಯಾಬಿನ್‌ಗೆ ಮೂರನೇ, ನಾಲ್ಕನೇ ಜನ ಬಂದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ ದರ, ಅದನ್ನೂ ಕೇಳಿ. ಟಿಕೆಟ್‌ನಲ್ಲಿ ಇರೋಕೆ ಜಾಗ, ಊಟ, ಶೋಗಳು, ಈಜುಕೊಳ ಬರುತ್ತೆ. ವೈಫೈ, ದಡಕ್ಕಿಳಿದು ಊರು ಸುತ್ತೋದು, ಮದ್ಯ ಇವೆಲ್ಲ ಬೇರೆ. ಸಸ್ಯಾಹಾರಿಗಳಿಗೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಕೂಡ ಊಟ ಸಿಗುತ್ತೆ, ಆ ಚಿಂತೆ ಬೇಡ.

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ಗಂಡ ಹೆಂಡತಿ ಮಕ್ಕಳಿಗೆ ಸಾಕು, ಮಲಗೋಕೆ ಮಾತ್ರ ತಾನೇ ಹೋಗೋದು. ಹಿರಿಯರಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು ಕಿಟಕಿ ಇರೋದು, ಲಿಫ್ಟ್‌ಗೆ ಹತ್ತಿರದ್ದು ತಗೊಳ್ಳಿ. ನಾವು ಹಡಗಿನಲ್ಲಿ ಹೋದಾಗ, ನಾನು ಬೆಳಿಗ್ಗೆ ಎದ್ದಾಗ ಅತ್ತೆಯವರು ಆಗಲೇ ಸ್ನಾನ ಮಾಡಿ, ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೂತಿದ್ದರು. ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ, ನೀರಿನ ಮೇಲೆ ಬೂದಿ ಬಣ್ಣ. ಎಷ್ಟು ಹೊತ್ತಿಂದ ಕೂತಿದ್ದೀರಿ ಅಂದರೆ, "ನಾಲ್ಕಕ್ಕ ಎದ್ದೆ, ಇದನ್ನ ಬಿಟ್ಟು ಹೆಂಗ ಮಲಗೂದು" ಅಂದರು. ಆ ಮೂರು ದಿನ ಅವರು ಒಂದು ಬ್ಯಾಗೂ ಹೊರಲಿಲ್ಲ, ಯಾರಿಗೂ ಕಾಯಲಿಲ್ಲ. ಊಟಕ್ಕೆ ಎಲ್ಲರೂ ಒಂದೇ ಟೇಬಲ್ಲಿಗೆ ಬರುತ್ತಿದ್ದೆವು. ಹಡಗಿನ ದೊಡ್ಡ ಗುಣ ನನಗೆ ಕಂಡದ್ದು ಇದೇ.

ಮಗನಿಗೆ ಮಾತ್ರ ಎರಡನೇ ದಿನ ಮಧ್ಯಾಹ್ನಕ್ಕೇ ಸಾಕಾಗಿತ್ತು. ದಡ ದೂರವಾದ ಮೇಲೆ ಫೋನ್ ಸಿಗ್ನಲ್ ಇರಲ್ಲ, ಈಜುಕೊಳದಲ್ಲಿ ಜಾಗ ಇರಲಿಲ್ಲ, 14ರ ಹುಡುಗ ಚಿಕ್ಕ ಮಕ್ಕಳ ಆಟದ ಕೋಣೆಗೆ ಹೋಗೋಕೆ ಒಪ್ಪಲ್ಲ ಅಲ್ವಾ. ಮನೆಯಲ್ಲಿ 12ರಿಂದ 17ರ ಮಕ್ಕಳೇ ಇದ್ದು ಹಿರಿಯರು ಬರೋದಿಲ್ಲ ಅಂದರೆ ಯೋಚನೆ ಬೇಡ, ಪಾರ್ಕ್‌ಗೇ ಹೋಗಿ, ಖರ್ಚೂ ಕಡಿಮೆ. ಅಜ್ಜ ಅಜ್ಜಿ, 140 ಮುಟ್ಟದ ಮಕ್ಕಳು ಇದ್ದರೆ ನಾನು ಹಡಗು ಅನ್ನುತ್ತೇನೆ. 6 ತಿಂಗಳೊಳಗಿನ ಕೂಸು ಇದ್ದರೆ, ಮನೆಯಲ್ಲಿ ಯಾರಾದರೂ 24 ವಾರ ದಾಟಿದ ಬಸುರಿ ಇದ್ದರೆ ಸಾಮಾನ್ಯವಾಗಿ ಹಡಗಿನಲ್ಲಿ ಬಿಡೋದಿಲ್ಲ, ಬುಕಿಂಗ್‌ಗೆ ಮೊದಲೇ ಕೇಳಿಕೊಳ್ಳಿ. ಎರಡೂ ಬೇಕು, ದುಡ್ಡೂ ಇದೆ ಅನ್ನೋರಿಗೆ ಸಿಂಗಪುರ ಇದೆ, ಅಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕೂ ಇದೆ, ಅಲ್ಲಿಂದಲೇ ಹಡಗೂ ಹೊರಡುತ್ತೆ. ಅದಕ್ಕೆ ಪಾಸ್‌ಪೋರ್ಟ್‌ನಲ್ಲಿ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು.

ಕಟ್ಟಿಕೊಳ್ಳೋ ಸಾಮಾನು

ಎರಡೂ ಕಡೆ ಹೊರಗಿನ ತಿಂಡಿ ಒಳಗೆ ಬಿಡಲ್ಲ. ರೊಟ್ಟಿ, ಶೇಂಗಾ ಚಟ್ನಿ ಬುತ್ತಿಯನ್ನು ರೈಲಿನಲ್ಲೇ ಮುಗಿಸಿ. ಪಾರ್ಕಿನ ನೀರಿನ ಆಟಕ್ಕೆ ನೈಲಾನ್ ಬಟ್ಟೆ ಬೇಕೇ ಬೇಕು, ಕಾಟನ್ ಚೂಡಿದಾರ, ಜೀನ್ಸ್, ಸೀರೆಯಲ್ಲಿ ಇಳಿಯೋಕೆ ಬಿಡಲ್ಲ. ಅಲ್ಲಿ ಹೋಗಿ ಕೊಳ್ಳುವ ಬದಲು ಊರಲ್ಲೇ ತಗೊಂಡು ಹೋಗಿ. ಹಡಗಿಗೆ ಪ್ರತಿಯೊಬ್ಬರದೂ ಮೂಲ ಗುರುತಿನ ಚೀಟಿ ಬೇಕು, ಮಕ್ಕಳದು ಕೂಡ, ಮೊಬೈಲಿನ ಫೋಟೋ ನಂಬಿ ಹೋಗಬೇಡಿ. ಅಜ್ಜಿಯ ಮಾತ್ರೆ ಎರಡು ದಿನದ್ದು ಜಾಸ್ತಿಯೇ ಇರಲಿ ಮತ್ತು ಅದು ಕೈಚೀಲದಲ್ಲೇ ಇರಲಿ, ಯಾಕೆಂದರೆ ದೊಡ್ಡ ಬ್ಯಾಗನ್ನು ಬಂದರಿನಲ್ಲೇ ತಗೊಂಡು ಕ್ಯಾಬಿನ್‌ಗೆ ತಲುಪಿಸೋಕೆ ಕೆಲವು ತಾಸು ಆಗುತ್ತೆ. ಹತ್ತಿದ ದಿನ ಲೈಫ್ ಜಾಕೆಟ್, ಅಪಾಯದಲ್ಲಿ ಸೇರುವ ಜಾಗ ತೋರಿಸುತ್ತಾರೆ. ಬೇಸರ ಮಾಡಿಕೊಳ್ಳದೆ ಮಕ್ಕಳ ಕೈ ಹಿಡಿದುಕೊಂಡು ಪೂರ್ತಿ ಕೇಳಿ.

ಈ ದಸರಾಕ್ಕೆ ನಮ್ಮದು ಪಾರ್ಕ್. ಹೋದ ಭಾನುವಾರ ಬಾಗಿಲಿಗೆ ನಿಲ್ಲಿಸಿ ಗೆರೆ ಎಳೆದೆ, 141. ಮಗಳು ಟೇಪನ್ನು ಕಿತ್ತುಕೊಂಡು ತಾನೇ ಇನ್ನೊಂದು ಸಲ ಅಳೆಸಿಕೊಂಡಳು. ಅತ್ತೆಯವರು ಆ ನಾಲ್ಕು ದಿನ ಗದಗಿನಲ್ಲಿ ತಂಗಿಯ ಮನೆಗೆ ಹೋಗುತ್ತಾರಂತೆ, ಅವರೇ ಹೇಳಿದರು, ಬಸ್ಸಿಗೆ ಹತ್ತಿಸಿದರೆ ಸಾಕಂತೆ.