ಮಳೆಗೆ ಮುಂಚೆ ಉಕ್ಕಿನ ಬಾರ್: ಕೊಡಗಿನ ಮೆಷಿನ್ ಶಾಪ್‌ಗೆ ಖರೀದಿಯ ಲೆಕ್ಕ

ಕೊಟೇಶನ್ ಬರೆಯುವಾಗ ಹೆಚ್ಚಿನವರು ತಪ್ಪುವುದು ಕೆಜಿ ದರದಲ್ಲಲ್ಲ, ಕೆಜಿಯಲ್ಲಿ. ಒಂದು ಪಂಪ್ ಶಾಫ್ಟ್ ತೆಗೆದುಕೊಳ್ಳಿ: ಇಎನ್8 (ಮಧ್ಯಮ ಇಂಗಾಲದ ಉಕ್ಕಿನ ಒಂದು ದರ್ಜೆ), ಸಿದ್ಧವಾದಾಗ 32 ಮಿ.ಮೀ. ವ್ಯಾಸ, 420 ಮಿ.ಮೀ. ಉದ್ದ. ಉಕ್ಕಿನ ದುಂಡು ಬಾರ್‌ಗೆ ಮಿ.ಮೀ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. ಸಿದ್ಧ ಶಾಫ್ಟ್ 2.65 ಕೆಜಿ. ಆದರೆ ನೀವು ಕೊಳ್ಳುವುದು 35 ಮಿ.ಮೀ. ಬ್ರೈಟ್ ಬಾರ್ (ಎಳೆದು ಮೈ ನುಣುಪಾಗಿಸಿದ್ದು), ಅಂದರೆ ಮೀಟರಿಗೆ 7.56 ಕೆಜಿ. ಫೇಸಿಂಗ್‌ಗೆ, ಅಂದರೆ ತುದಿ ಸಮ ಮಾಡಲು, ಎರಡೂ ಕಡೆ 2 ಮಿ.ಮೀ., ಗರಗಸದ ಬಾಯಿಗೆ 3 ಮಿ.ಮೀ. ಸೇರಿಸಿದರೆ ಒಂದು ತುಂಡು 427 ಮಿ.ಮೀ. ಆರು ಮೀಟರ್ ಬಾರ್‌ನಲ್ಲಿ ಕಾಗದದ ಮೇಲೆ 14 ತುಂಡು ಬಂದು 22 ಮಿ.ಮೀ. ಉಳಿಯುತ್ತದೆ. ಬಾರ್‌ನ ತುದಿ ಸೊಟ್ಟಗಿದ್ದರೆ ಅಥವಾ ಜಜ್ಜಿದ್ದರೆ 13 ಮಾತ್ರ. ಹಾಗಾಗಿ 13 ಎಂದೇ ಹಿಡಿಯಿರಿ: 45.37 ಕೆಜಿಯ ಬಾರ್ 13 ಪಾಲಾದರೆ ಪೀಸಿಗೆ 3.49 ಕೆಜಿ. ಸಿದ್ಧ ತೂಕದ ಮೇಲೆ ದರ ಹೇಳಿದವರು ಪೀಸಿಗೆ 0.84 ಕೆಜಿ ಕೈಯಿಂದ ಹಾಕುತ್ತಾರೆ, ಮಾರುಕಟ್ಟೆ ಏರದಿದ್ದರೂ.

ಆರ್ಡರ್ ಕೊಡುವ ಮುಂಚೆ ಬಾರ್‌ನ ಉದ್ದ ಕೇಳಿ. ಐದೂವರೆ ಮೀಟರಿನದು ಬಂದರೆ ಇದೇ ತುಂಡು 12 ಮಾತ್ರ ಬರುತ್ತದೆ.

ಬ್ರೈಟ್ ಸಿಗದ ವಾರಕ್ಕೆ ಬದಲಿ ಮೊದಲೇ ಗೊತ್ತಿರಲಿ. 36ರ ಬ್ಲ್ಯಾಕ್ ಬಾರ್ (ಬಿಸಿಯಲ್ಲಿ ಉರುಳಿಸಿದ, ಕಪ್ಪು ಪದರ ಇರುವುದು) ಪೀಸಿಗೆ 3.69 ಕೆಜಿ ಆಗುತ್ತದೆ. ಬದಿಗೆ 2 ಮಿ.ಮೀ. ತೆಗೆದರೆ ಬಾರ್ ನೆಟ್ಟಗಿರುವವರೆಗೆ ಮೇಲಿನ ಕಪ್ಪು ಪದರ ಹೋಗುತ್ತದೆ. 36ರ ಬದಲು 40 ಕೊಟ್ಟರೆ 4.56 ಕೆಜಿ. ಕೆಜಿ ದರ ಬ್ರೈಟ್‌ಗಿಂತ ಶೇ 23ರಷ್ಟಾದರೂ ಕಡಿಮೆ ಇಲ್ಲದಿದ್ದರೆ ಅಗ್ಗದ ಮಾಲು ಅಗ್ಗವಲ್ಲ, ಮೇಲೆ ರಫ್ ಟರ್ನಿಂಗ್ ಸಮಯ ಬೇರೆ. ಇಎನ್8 ಬದಲು ಸಿ45 ದರ್ಜೆಯ ಉಕ್ಕು ಹೆಚ್ಚಿನ ಶಾಫ್ಟ್‌ಗಳಿಗೆ ಆಗುತ್ತದೆ, ಇಂಗಾಲ ತುಸು ಹೆಚ್ಚು ಅಷ್ಟೆ. ಡ್ರಾಯಿಂಗ್ ಕೊಟ್ಟವರ ಒಪ್ಪಿಗೆ ಮಾತ್ರ ಬರಹದಲ್ಲೇ ಇರಲಿ.

ಸ್ಟೇನ್‌ಲೆಸ್‌ನಲ್ಲಿ ಬದಲಿ ಬೇಡ. ಅಭಾವ ಬಂದಾಗ 304 ದರ್ಜೆಯ ಹೆಸರಲ್ಲಿ ಅಗ್ಗದ 202 ದರ್ಜೆ ಬರುತ್ತದೆ. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಅಯಸ್ಕಾಂತ ಇಟ್ಟು ನೋಡಿದರೆ ಗೊತ್ತಾಗದು: 202 ಕೂಡ ಅಂಟುವುದಿಲ್ಲ, ಎಳೆದ 304 ಬಾರ್ ಸ್ವಲ್ಪ ಅಂಟಲೂಬಹುದು. ಹುಳಿ ಬರುವ ಕಾಫಿ ಪಲ್ಪ್‌ನಲ್ಲಿ ಕೂತ ಮೇಲೆ 202 ತುಕ್ಕಿನ ಚುಕ್ಕೆ ತೋರಿಸಿದಾಗ ತೋಟದವರು ಬೈಯುವುದು ಅಂಗಡಿಯವನನ್ನಲ್ಲ, ನಿಮ್ಮನ್ನು. ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ (ಒಂದು ಸಲ ಕರಗಿಸಿದ ಉಕ್ಕಿನ ಗುರುತು) ಬಾರ್ ಮೇಲಿನ ನಂಬರಿಗೆ ಸರಿಹೊಂದುತ್ತದೆಯೇ ನೋಡಿ, ಹನಿ ಬಿದ್ದಲ್ಲಿನ ಬಣ್ಣದಿಂದ ದರ್ಜೆ ತಿಳಿಸುವ ರಾಸಾಯನಿಕ ಪರೀಕ್ಷೆ ಮಾಡಿ. ದರ್ಜೆಯ ಗುರುತಿಗೆ ಬಣ್ಣ ಬಳಿದ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಕೊಯ್ಯಿರಿ. ಗುರುತು ಹೋದ ಅರ್ಧ ಬಾರ್ ಯಾವುದೆಂದು ಆಮೇಲೆ ಯಾರೂ ಹೇಳಲಾರರು.

ಇನ್ನು ದರ. ಕೊಟೇಶನ್‌ನಲ್ಲಿ ಮಾಲಿನ ಹಣ ಮತ್ತು ಮೆಷಿನಿಂಗ್ ಹಣ ಎರಡು ಸಾಲಾಗಿ ಬರೆಯಿರಿ. ಕೆಳಗೆ ಹೀಗೆ ಒಂದು ಷರತ್ತು, ಅಂಕಿ ನಿಮ್ಮದು: "ಇಎನ್8 ಬ್ರೈಟ್ ಕೆಜಿಗೆ 80 ರೂ., ಪೀಸಿಗೆ 3.49 ಕೆಜಿ ಎಂಬ ಲೆಕ್ಕ. 7 ದಿನ ಊರ್ಜಿತ. ಖರೀದಿ ದಿನ ದರ ಶೇ 3ಕ್ಕಿಂತ ಹೆಚ್ಚು ಏರಿದರೂ ಇಳಿದರೂ ವ್ಯತ್ಯಾಸವನ್ನು 3.49ರಿಂದ ಗುಣಿಸಿ ಕೂಡಿಸಲಾಗುವುದು ಅಥವಾ ಕಳೆಯಲಾಗುವುದು. ಜಿಎಸ್‌ಟಿ ಪ್ರತ್ಯೇಕ." 80 ಇದ್ದದ್ದು 90 ಆದರೆ ಪೀಸಿಗೆ 34 ರೂ. 90 ಪೈಸೆ, 50 ಶಾಫ್ಟ್‌ಗೆ 1,745 ರೂ. "ಇಳಿದರೂ" ಎಂಬ ಪದವನ್ನು ಬಿಡಬೇಡಿ. ಏರಿಕೆಗೆ ಮಾತ್ರ ಬರೆದ ಷರತ್ತಿಗೆ ಯಾರೂ ಸಹಿ ಹಾಕುವುದಿಲ್ಲ.

ಸ್ಟೇನ್‌ಲೆಸ್, ಹಿತ್ತಾಳೆ, ಗನ್‌ಮೆಟಲ್‌ಗೆ (ತಾಮ್ರ-ತವರದ ಮಿಶ್ರಲೋಹ) 7 ದಿನವೂ ಹೆಚ್ಚು. ಅವುಗಳಲ್ಲಿರುವ ನಿಕಲ್, ತಾಮ್ರದ ದರ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ ಡಾಲರ್ ಲೆಕ್ಕದಲ್ಲಿ ಓಡುವುದರಿಂದ ರೂಪಾಯಿ ಇಳಿದರೂ ನಮಗೆ ಏಟು. 2022ರ ಮಾರ್ಚ್ 8ರಂದು ನಿಕಲ್ ಟನ್ನಿಗೆ 1 ಲಕ್ಷ ಡಾಲರ್ ದಾಟಿ ಅಲ್ಲಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಈ ಲೋಹಗಳಿಗೆ 3 ದಿನದ ಅವಧಿ ಕೊಟ್ಟು, ಮಾಲಿನಷ್ಟು ಮುಂಗಡ ಪಡೆದು ಅಂದೇ ಬುಕ್ ಮಾಡಿ. ಹಿತ್ತಾಳೆ, ಗನ್‌ಮೆಟಲ್ ಚೂರನ್ನು ಬೇರೆ ಬೇರೆ ಡ್ರಮ್ಮಿನಲ್ಲಿ ಕೂಡಿಡಿ. ಕಬ್ಬಿಣದ ಚೂರು ಸೇರಿದರೆ ಗುಜರಿಯವರು ಕಟ್ಟುವ ಬೆಲೆಯೇ ಬೇರೆ.

ಯಾವಾಗ ಕೊಳ್ಳಬೇಕು ಎಂಬುದನ್ನು ಇಲ್ಲಿ ಮಳೆ ಮತ್ತು ಕಾಫಿ ತೀರ್ಮಾನಿಸುತ್ತವೆ. ಅರೇಬಿಕಾ ಕೊಯ್ಲು ನವೆಂಬರ್‌ಗೆ, ಹಾಗಾಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಬುಷ್, ಶಾಫ್ಟ್ ಕೆಲಸ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಟ್ಟಿಗೆ ಬೀಳುತ್ತದೆ. ರೊಬಸ್ಟಾ ಹೂವಿಗೆ ನೀರು ಹಾಯಿಸುವ ಫೆಬ್ರವರಿ-ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಪಂಪುಗಳ ಸರದಿ. ಕೊಯ್ಲಿನ ಮುಂಚಿನ ಈ ಕೆಲಸಕ್ಕೆ ಬೇಕಾದ ಮಾಲು ತರಿಸಲು ಸಿಗುವುದೇ ಮಳೆಗಾಲ. ರಸ್ತೆ ಕೈಕೊಡುವುದೂ ಆಗಲೇ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ-ಸಂಪಾಜೆ ಹೆದ್ದಾರಿ ಮುಚ್ಚಿದಾಗ ಮಂಗಳೂರು ಕಡೆಯ ಮಾಲು ಸುತ್ತು ಬಳಸಿಯೇ ಬರಬೇಕಾಯಿತು. ಜೋರು ಮಳೆಯಲ್ಲಿ ಭಾರಿ ವಾಹನಗಳಿಗೆ ಜಿಲ್ಲಾಡಳಿತ ತಡೆ ಹಾಕುವುದೂ ಉಂಟು.

ಹೀಗಾಗಿ ಮರು ಆರ್ಡರ್‌ನ ಮಟ್ಟ ವರ್ಷಕ್ಕೆ ಎರಡು ಇರಲಿ. ವಾರಕ್ಕೆ 2 ಬಾರ್ ಖರ್ಚು, ಮಾಲು ಬರಲು 1 ವಾರ, ತುರ್ತಿಗೆಂದು ಇಟ್ಟ 1 ಬಾರ್: ಬೇಸಗೆಯಲ್ಲಿ 3 ಉಳಿದಾಗ ಫೋನ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3 ವಾರ, ತುರ್ತಿಗೆ 2 ಎಂದು ಹಿಡಿದರೆ 8 ಉಳಿದಾಗಲೇ. ಎಲ್ಲ ಸೈಜಿಗೂ ಹೀಗೆ ಹಣ ಹೂಡಬೇಡಿ. ಅತಿ ಹೆಚ್ಚು ಓಡುವ ನಾಲ್ಕೈದು ಸೈಜ್ ಸಾಕು. ಕುಶಾಲನಗರದ ಎರಡು-ಮೂರು ಶಾಪ್‌ನವರು ಸೇರಿ ಮೇ ತಿಂಗಳಲ್ಲಿ ಮೈಸೂರಿನಿಂದ ಒಂದೇ ಗಾಡಿಯಲ್ಲಿ ತರಿಸಿದರೆ ಬಾಡಿಗೆ ಹಂಚಿಹೋಗುತ್ತದೆ.

ತಂದ ಮಾಲು ಆರು ತಿಂಗಳು ಈ ತೇವದಲ್ಲಿ ಉಳಿಯಬೇಕಲ್ಲ. ನೆಲದಿಂದ ಎತ್ತರದ ರ್‍ಯಾಕ್‌ನಲ್ಲಿ, ಆರು ಮೀಟರಿಗೆ ಕನಿಷ್ಠ ನಾಲ್ಕು ಆಧಾರ ಕೊಟ್ಟು ಇಡಿ. ಎರಡೇ ಇದ್ದರೆ ನಡು ಜೋತು ಬಾರ್ ಬಾಗುತ್ತದೆ. ತುಕ್ಕು ತಡೆಯುವ ಎಣ್ಣೆ ಬಳಿಯಿರಿ, ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ಸಿಕ್ಕ ನೀರು ಬ್ರೈಟ್ ಬಾರ್‌ನ ಮೈಯಲ್ಲಿ ಗುಳಿ ಬೀಳಿಸುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಗುಳಿ ಬಿದ್ದ ಬಾರ್ ಮತ್ತೆ ಒಂದು ಸೈಜ್ ಚಿಕ್ಕ ಕೆಲಸಕ್ಕೇ ಹೋಗಬೇಕು.